ಬೆಕ್ಕಿನ ಆಟ ಮತ್ತು ಚೀಲದ ದಾರ

(ಉಪನ್ಯಾಸದ ಬರಹ ರೂಪ)



ಹಿಂಡಿ ಚೀಲ ಬಿಚ್ಚುವ ದಿನ ಮಲೆನಾಡಿನ ಮನೆಯ ಬೆಕ್ಕಿಗೆ ಹಬ್ಬ. ಚೀಲದ ಬಾಯಿ ಹೊಲಿದ ದಾರದ ತುದಿಯನ್ನು ಸರಿಯಾಗಿ ಹಿಡಿದು ಎಳೆದರೆ ಹೊಲಿಗೆಯೆಲ್ಲ ಸರ್ರನೆ ಬಿಚ್ಚಿಕೊಂಡು ಒಂದು ಮಾರು ಉದ್ದದ ದಾರ ಕೈಗೆ ಬರುತ್ತದೆ. ಕೈ ಅದನ್ನು ನೆಲಕ್ಕೆ ಬಿಟ್ಟು ಹಿಂಡಿಯ ಕಡೆಗೆ ಹೋಗುತ್ತದೆ. ಅಷ್ಟರಲ್ಲಿ ಒಲೆಯ ಬದಿಯಲ್ಲಿ ಮಲಗಿದ್ದ ಬೆಕ್ಕು ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಿರುತ್ತದೆ. ಯಾರದೋ ಕಾಲಿಗೆ ಸಿಕ್ಕ ದಾರ ಒಂದು ಗೇಣು ಸರಿದರೂ ಸಾಕು, ಅದು ಹಾವಾಗುತ್ತದೆ, ಇಲಿಯ ಬಾಲವಾಗುತ್ತದೆ, ಬೇಟೆಯಾಗುತ್ತದೆ. ಮನೆಮಂದಿ ನಕ್ಕು ನೋಡುತ್ತಾರೆ. ಆಟ ಮುಗಿದ ಮೇಲೆ ದಾರ ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ.

‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆ ಎಲ್ಲರಿಗೂ ಗೊತ್ತಿದೆ. ಚೀಲದ ದಾರದ ವಿಷಯದಲ್ಲಿ ಮಾತ್ರ ಚೆಲ್ಲಾಟವೂ ಪ್ರಾಣಸಂಕಟವೂ ಬೆಕ್ಕಿನದೇ ಆಗಿದೆ. ಆದುದರಿಂದ ಬೆಕ್ಕು ಮನೆಯ ಯಾವ ಚಿಲ್ಲರೆ ವಸ್ತುವನ್ನು ಆಟಿಕೆ ಮಾಡಿಕೊಳ್ಳುತ್ತದೆ, ಏಕೆ ಮಾಡಿಕೊಳ್ಳುತ್ತದೆ, ಆ ವಸ್ತುಗಳು ಕಳೆದ ಕೆಲವು ದಶಕಗಳಲ್ಲಿ ಹೇಗೆ ಬದಲಾದವು ಎಂಬುದನ್ನು ಈ ಉಪನ್ಯಾಸದಲ್ಲಿ ವಿಚಾರ ಮಾಡಲಾಗಿದೆ. ವಿಷಯ ಕ್ಷುಲ್ಲಕವೆಂದು ತೋರಬಹುದು. ಆದರೆ ಮನೆಯೊಳಗೆ ಬೀಳುವ ವಸ್ತುಗಳನ್ನು ದಿನವೂ ತಪ್ಪದೆ ಪರೀಕ್ಷಿಸುವ ಜೀವಿ ಬೆಕ್ಕು ಒಂದೇ. ಅದರ ಆಟಿಕೆಗಳ ಪಟ್ಟಿಯೆಂದರೆ ಆ ಮನೆಯ ಕಸದ ಲೆಕ್ಕವೇ ಸರಿ.

ಆಟವೆಂಬ ಬೇಟೆಯ ಪಾಠ

ಧಾನ್ಯದ ಹಿಂದೆ ಇಲಿ ಬಂದಿತು, ಇಲಿಯ ಹಿಂದೆ ಬೆಕ್ಕು ಬಂದಿತು. ಬೆಕ್ಕು ಮನುಷ್ಯನ ನೆರೆಗೆ ಸೇರಿದ ಕಥೆಯನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳಷ್ಟು ಹಳೆಯದಾದ ಸಮಾಧಿಯೊಂದರಲ್ಲಿ ಮನುಷ್ಯನ ಸಮೀಪದಲ್ಲಿಯೇ ಬೆಕ್ಕನ್ನೂ ಹೂಳಿದ್ದುದು ಪತ್ತೆಯಾಗಿ, ಅದರ ವಿವರ 2004ರಲ್ಲಿ ಪ್ರಕಟವಾಯಿತು. ಇಷ್ಟು ದೀರ್ಘಕಾಲ ಮನುಷ್ಯನ ಜೊತೆಗಿದ್ದರೂ ಬೆಕ್ಕು ನಾಯಿಯಷ್ಟು ಬದಲಾಗಲಿಲ್ಲ. ಹಾಲು ಕುಡಿದು ಜಗಲಿಯಲ್ಲಿ ಮಲಗುವ ಬೆಕ್ಕಿನ ಮೈಯೊಳಗೆ ಆಫ್ರಿಕಾದ ಕಾಡುಬೆಕ್ಕಿನ ಬೇಟೆಯ ಕ್ರಮ ಹಾಗೆಯೇ ಉಳಿದಿದೆ.

ದಿಟ್ಟಿಸುವುದು, ನೆಲಕ್ಕೆ ಹೊಟ್ಟೆ ಹಚ್ಚಿ ಹೊಂಚುವುದು, ಹಾರುವುದು, ಮುಂಗಾಲಿನಿಂದ ಹಿಡಿಯುವುದು, ಕೊನೆಗೆ ಕುತ್ತಿಗೆಗೆ ಕಚ್ಚುವುದು: ಇದು ಬೇಟೆಯ ಕ್ರಮ. ದಾರದೊಡನೆ ಆಡುವಾಗಲೂ ಬೆಕ್ಕು ಇದೇ ಹೆಜ್ಜೆಗಳನ್ನು ಹಾಕುತ್ತದೆ. ಮರಿಗಳು ನಾಲ್ಕು ವಾರದ ಹೊತ್ತಿಗೆ ಒಡಹುಟ್ಟಿದವುಗಳ ಜೊತೆ ಕುಸ್ತಿ ಆರಂಭಿಸುತ್ತವೆ. ಕಣ್ಣಿನ ನೋಟಕ್ಕೂ ಪಂಜದ ಚಲನೆಗೂ ಹೊಂದಿಕೆ ಕೂಡಿಬರುವ ಏಳೆಂಟು ವಾರಗಳ ವಯಸ್ಸಿನಲ್ಲಿ ವಸ್ತುಗಳ ಜೊತೆಗಿನ ಆಟ ಬಲಗೊಳ್ಳುತ್ತದೆ.

ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಬೆಕ್ಕಿನ ಆಟವನ್ನು ಕ್ರಮಬದ್ಧವಾಗಿ ಪರೀಕ್ಷಿಸಿದ್ದಾರೆ. ಹಸಿದ ಬೆಕ್ಕು ಹೊಟ್ಟೆ ತುಂಬಿದ ಬೆಕ್ಕಿಗಿಂತ ಹೆಚ್ಚು ತೀವ್ರವಾಗಿ ಆಡುತ್ತದೆ, ದೊಡ್ಡ ಆಟಿಕೆಗೂ ಅಷ್ಟಾಗಿ ಅಂಜುವುದಿಲ್ಲ ಎಂಬುದನ್ನು ಅವರು 1998ರಲ್ಲಿ ತೋರಿಸಿದರು. ಒಂದೇ ಆಟಿಕೆಯನ್ನು ಮತ್ತೆ ಮತ್ತೆ ಕೊಟ್ಟರೆ ಬೆಕ್ಕಿಗೆ ಅದು ಬೇಗನೆ ಬೇಸರವಾಗುತ್ತದೆ, ಆ ಕ್ಷಣದಲ್ಲಿಯೇ ಬೇರೊಂದು ಆಟಿಕೆ ಇಟ್ಟರೆ ಮೊದಲಿಗಿಂತ ಹುರುಪಿನಿಂದ ಆಡುತ್ತದೆ ಎಂಬುದು 2002ರಲ್ಲಿ ಹೊರಬಂದ ಅಧ್ಯಯನದ ಫಲಿತಾಂಶ. ಇದಕ್ಕೆ ಕಾರಣವನ್ನು ಬೇಟೆಯಲ್ಲಿಯೇ ಹುಡುಕಬೇಕು. ನಿಜವಾದ ಇಲಿ ಕಚ್ಚಿದ ಮೇಲೆ ಬದಲಾಗುತ್ತದೆ: ಕೂದಲು ಉದುರುತ್ತದೆ, ಚರ್ಮ ಹರಿಯುತ್ತದೆ, ವಾಸನೆ ಬೇರೆಯಾಗುತ್ತದೆ. ಎಷ್ಟು ಕಚ್ಚಿದರೂ ಬದಲಾಗದ ವಸ್ತು ಬೇಟೆಯಲ್ಲವೆಂದು ಬೆಕ್ಕು ತೀರ್ಮಾನಿಸುತ್ತದೆ. ಅಂಗಡಿಯಿಂದ ತಂದ ರಬ್ಬರಿನ ಇಲಿ ಎರಡೇ ದಿನಕ್ಕೆ ಮೂಲೆ ಸೇರುವುದು, ಅದನ್ನು ಸುತ್ತಿದ್ದ ಕಾಗದ ಚೂರು ಚೂರಾಗುವವರೆಗೂ ಆಟಕ್ಕೆ ಒದಗುವುದು ಈ ಕಾರಣದಿಂದಲೇ.

ಬೆಕ್ಕಿನ ಇಂದ್ರಿಯಗಳನ್ನು ಗಮನಿಸಿದರೆ ಅದರ ಆಯ್ಕೆ ಇನ್ನೂ ಸ್ಪಷ್ಟವಾಗುತ್ತದೆ. ಮನುಷ್ಯನ ಕಿವಿ ಸುಮಾರು 20,000 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ ಕೇಳಬಲ್ಲದು. ಬೆಕ್ಕಿನ ಕಿವಿ 60,000 ಹರ್ಟ್ಸ್‌ಗೂ ಮೇಲ್ಪಟ್ಟ ಧ್ವನಿಯನ್ನು ಗ್ರಹಿಸುತ್ತದೆ. ಇಲಿಮರಿಯ ಕೀಚಲೂ ಒಣ ಎಲೆಯ ಮೇಲೆ ಹಲ್ಲಿ ಹರಿದ ಸದ್ದೂ ಈ ಎತ್ತರದ ಸ್ವರಗಳಲ್ಲಿವೆ. ಕಾಗದ, ಪ್ಲಾಸ್ಟಿಕ್ ಹಾಳೆ, ಮಾತ್ರೆಯ ಬೆಳ್ಳಿಪಟ್ಟಿ ಇವು ಮುದುಡುವಾಗ ಹೊರಡುವ ಸರಸರ ಸದ್ದಿನಲ್ಲಿಯೂ ಅಂಥ ಸ್ವರಗಳೇ ತುಂಬಿರುತ್ತವೆ. ಬೆಕ್ಕಿನ ಕಣ್ಣು ಚಲನೆಯನ್ನು ಕೂಡಲೇ ಗುರುತಿಸುತ್ತದೆ. ಒಂದು ಗೇಣಿಗಿಂತ ಹತ್ತಿರವಿರುವ, ಅಲುಗಾಡದ ವಸ್ತು ಅದಕ್ಕೆ ಮಸುಕಾಗಿ ಕಾಣುತ್ತದೆ. ಅಷ್ಟು ಹತ್ತಿರದಲ್ಲಿ ಮೀಸೆಯನ್ನು ಮುಂದಕ್ಕೆ ಚಾಚಿ ತಡವಿ ನೋಡುತ್ತದೆ. ಕೆಂಪು ಬಣ್ಣ ಅದರ ಕಣ್ಣಿಗೆ ಮಂಕು. ಆದುದರಿಂದ ಆಟಿಕೆಯ ಬಣ್ಣದ ಬೆಡಗು ಕೊಳ್ಳುವವನಿಗಾಗಿಯೇ ಹೊರತು ಬೆಕ್ಕಿಗಾಗಿ ಅಲ್ಲ. ಹಗುರ, ಇಲಿಯ ಗಾತ್ರ, ತಟ್ಟಿದರೆ ಓಡುವ ಗುಣ, ಹಲ್ಲಿಗೆ ಸಿಗುವ ಮೈ, ಕಿವಿಗೆ ಸರಸರ: ಇಷ್ಟಿದ್ದರೆ ಮನೆಯ ಯಾವ ವಸ್ತುವಾದರೂ ಬೆಕ್ಕಿಗೆ ಆಟಿಕೆಯಾಗುತ್ತದೆ.

ಆಡುವುದಷ್ಟೇ ಅಲ್ಲ, ಎಸೆದ ವಸ್ತುವನ್ನು ಹೊತ್ತು ತಂದು ಕಾಲ ಬಳಿ ಇಡುವ ಬೆಕ್ಕುಗಳೂ ಇವೆ. 924 ಮಂದಿ ತಮ್ಮ 1,154 ಬೆಕ್ಕುಗಳ ಈ ನಡವಳಿಕೆಯನ್ನು ಕುರಿತು ಕೊಟ್ಟ ಮಾಹಿತಿ 2023ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಶೇ. 94ರಷ್ಟು ಬೆಕ್ಕುಗಳು ಯಾರೂ ಕಲಿಸದೆಯೇ ಈ ಆಟವನ್ನು ಆರಂಭಿಸಿದ್ದವು.

ಹಳೆಯ ಮನೆಯ ಆಟಿಕೆಗಳು

ಒಂದೆರಡು ತಲೆಮಾರಿನ ಹಿಂದೆ ಮಲೆನಾಡಿನ ಮನೆಯಲ್ಲಿ ಬೆಕ್ಕಿಗೆ ಏನು ಸಿಗುತ್ತಿತ್ತು ಎಂಬುದನ್ನು ಹಿರಿಯರು ಸುಲಭವಾಗಿ ಹೇಳಬಲ್ಲರು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮೆಟ್ಟುಗತ್ತಿಯಿಂದ ಸಿಡಿದ ಅಡಿಕೆಯೊಂದು ಬೆಕ್ಕಿನ ಪಂಜಕ್ಕೆ ಸಿಕ್ಕಿ ಜಗಲಿಯುದ್ದಕ್ಕೂ ಉರುಳುತ್ತಿತ್ತು. ಅಂಟುವಾಳದ ಕಾಯಿ, ಗಜ್ಜುಗದ ಬೀಜ, ಗೋಟಡಿಕೆ, ಒಣಗಿದ ಹೀರೆಕಾಯಿಯ ನಾರು, ತೆಂಗಿನ ಜುಂಗಿನ ಉಂಡೆ, ದೀಪದ ಹತ್ತಿಬತ್ತಿ, ಕೋಳಿಯ ಪುಕ್ಕ, ಪೊರಕೆಯಿಂದ ಉದುರಿದ ಕಡ್ಡಿ ಇವೆಲ್ಲ ಆಟದ ಸಾಮಾನುಗಳೇ. ಗಾಳಿಗೆ ಸರಿಯುವ ಅಡಿಕೆ ಹಾಳೆ, ಮಗುಚಿಟ್ಟ ಬುಟ್ಟಿ, ಬರಿದಾದ ಗೋಣಿಚೀಲ ಇವು ಹೊಂಚು ಹಾಕುವ ತಾಣಗಳು.

ಗಿಡಗಳೂ ಆಟಕ್ಕೆ ಒದಗುತ್ತಿದ್ದವು. ಹಿತ್ತಿಲ ಕಳೆ ಕೀಳುವಾಗ ಕುಪ್ಪಿಗಿಡದ ಬೇರು ಮೇಲೆ ಬಂದರೆ ಬೆಕ್ಕು ಎಲ್ಲಿದ್ದರೂ ಓಡಿ ಬರುತ್ತದೆ. ಬೇರನ್ನು ಕಚ್ಚಿ, ಕೆನ್ನೆ ತಿಕ್ಕಿ, ಮಣ್ಣಿನಲ್ಲಿ ಹೊರಳಾಡುತ್ತದೆ. ಸಸ್ಯಶಾಸ್ತ್ರದಲ್ಲಿ ಅಕಾಲಿಫಾ ಇಂಡಿಕಾ ಎಂದು ಕರೆಯುವ ಈ ಕಳೆಯ ಬೇರಿನಿಂದ ಬೆಕ್ಕನ್ನು ಸೆಳೆಯುವ ರಾಸಾಯನಿಕಗಳನ್ನು ಸಂಶೋಧಕರು ಬೇರ್ಪಡಿಸಿ 2016ರಲ್ಲಿ ವರದಿ ಮಾಡಿದ್ದಾರೆ. ಪಾಶ್ಚಾತ್ಯ ದೇಶಗಳಲ್ಲಿ ಬೆಕ್ಕಿನ ಆಟಿಕೆಯೊಳಗೆ ತುಂಬುವ ಕ್ಯಾಟ್‌ನಿಪ್ ಗಿಡದಲ್ಲಿರುವ ವಸ್ತುಗಳಿಗೆ ಅವು ಹತ್ತಿರದ ಬಂಧುಗಳು. ದೂರದ ಊರಿನಿಂದ ಬೆಲೆ ಕೊಟ್ಟು ತರಿಸುವ ಸುಗಂಧ ಹಿತ್ತಿಲಿನ ಕಳೆಯಲ್ಲಿಯೇ ಇದೆ.

ಈ ಹಳೆಯ ಆಟಿಕೆಗಳಲ್ಲಿ ಸಾಮಾನ್ಯವಾದ ಒಂದು ಗುಣವನ್ನು ಗಮನಿಸಬೇಕು. ಮಂಚದ ಕೆಳಗೆ ಸೇರಿದ ಅಡಿಕೆ, ಜುಂಗು, ಪುಕ್ಕಗಳನ್ನು ಗುಡಿಸಿ ಗೊಬ್ಬರದ ಗುಂಡಿಗೆ ಹಾಕಿದರೆ ಮುಂದಿನ ಮಳೆಗಾಲದೊಳಗೆ ಅಥವಾ ಅದರ ಮರುವರ್ಷ ಅವು ತೋಟದ ಮಣ್ಣಾಗುತ್ತಿದ್ದವು. ಬೆಕ್ಕು ಕಳೆದುಹಾಕಿದ ಆಟಿಕೆಯನ್ನು ಹುಡುಕುವ ಅಗತ್ಯವೇ ಇರಲಿಲ್ಲ; ಮಣ್ಣು ಅದನ್ನು ಹುಡುಕಿಕೊಳ್ಳುತ್ತಿತ್ತು.

ಅಗ್ಗವಾದದ್ದು ನೆಲಕ್ಕೆ ಬೀಳುತ್ತದೆ

ಹಾಗೆಂದು ಹಳೆಯದೆಲ್ಲ ಬೆಕ್ಕಿಗೆ ನಿರಪಾಯವಾಗಿತ್ತು ಎಂದು ಹೇಳಲಾಗದು. ನುಂಗಿದ ಹತ್ತಿಯ ನೂಲು ನೈಲಾನ್ ದಾರದಷ್ಟೇ ಕ್ರೂರವಾಗಿ ಕರುಳನ್ನು ಕೊಯ್ಯಬಲ್ಲದು. ಸೂಜಿ ಪೋಣಿಸಿದ ನೂಲಂತೂ ಇನ್ನೂ ಕೆಟ್ಟದ್ದು. ಇಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಬೆಕ್ಕಿನ ಹೊಟ್ಟೆಗೆ ಹಗೆಯಾದುದು ವಸ್ತುವಿನ ಉದ್ದ. ಮಣ್ಣಿಗೆ ಹಗೆಯಾದುದು ವಸ್ತುವಿನ ಜಾತಿ. ಉದ್ದವೂ ಆಗಿ ಪ್ಲಾಸ್ಟಿಕ್ಕೂ ಆದುದು ಎರಡಕ್ಕೂ ಹಗೆ.

ಹಾಗಾದರೆ ಬದಲಾದುದು ಏನು? ಹಿಂದಿನ ಮನೆಗಳಲ್ಲಿ ದಾರ ನೆಲದ ಮೇಲೆ ಬಿದ್ದಿರುತ್ತಿರಲಿಲ್ಲ. ಗೋಣಿಚೀಲದ ಬಾಯಿಯಿಂದ ಬಿಚ್ಚಿದ ಸುತಲಿಯನ್ನು ಸುತ್ತಿ ಉಂಡೆ ಮಾಡಿ ಕಂಬದ ಗೂಟಕ್ಕೆ ಸಿಕ್ಕಿಸುತ್ತಿದ್ದರು. ಅದು ಬಳ್ಳಿ ಕಟ್ಟಲು, ಹೊರೆ ಬಿಗಿಯಲು, ಬುಟ್ಟಿಯ ಅಂಚು ಹೊಲಿಯಲು ಬೇಕಾಗುತ್ತಿತ್ತು. ಹೂಮಾಲೆಯನ್ನು ಬಾಳೆನಾರಿನಲ್ಲಿ ಕಟ್ಟುತ್ತಿದ್ದರು. ಸೂಜಿ ನೂಲುಗಳಿಗೆ ಡಬ್ಬಿ ಇತ್ತು, ಡಬ್ಬಿಗೆ ನಾಗಂದಿಗೆಯಲ್ಲಿ ಜಾಗವಿತ್ತು. ದಾರಕ್ಕೆ ಬೆಲೆ ಇತ್ತು. ಆದುದರಿಂದ ಅದಕ್ಕೊಂದು ಸ್ಥಳವೂ ಇತ್ತು.

ಈಗ ದಾರಕ್ಕೆ ಬೆಲೆ ಇಲ್ಲ. ಗೊಬ್ಬರದ ಚೀಲ, ಹಿಂಡಿಯ ಚೀಲ, ಅಕ್ಕಿಯ ಚೀಲ ಎಲ್ಲವೂ ಹೊಸ ದಾರದೊಡನೆ ಬರುತ್ತವೆ. ಅದು ಹೆಚ್ಚಾಗಿ ಕೃತಕ ನೂಲು. ನೇಯ್ದ ಪ್ಲಾಸ್ಟಿಕ್ ಚೀಲ ಬಿಸಿಲಿಗೆ ಹಳೆಯದಾದಂತೆ ಅದರ ಅಂಚಿನಿಂದ ಉದ್ದುದ್ದ ಎಳೆಗಳು ಬಿಚ್ಚಿಕೊಳ್ಳುತ್ತವೆ. ನರ್ಸರಿಯಲ್ಲಿ ಕಸಿ ಕಟ್ಟಿದ ಪಾಲಿಥೀನ್ ಪಟ್ಟಿ, ಮೆಣಸಿನ ಬಳ್ಳಿ ಕಟ್ಟಿದ ಪ್ಲಾಸ್ಟಿಕ್ ಹಗ್ಗದ ತುಂಡು, ಪೊಟ್ಟಣಗಳ ರಬ್ಬರ್ ಬ್ಯಾಂಡು, ತಲೆಗೂದಲ ಬ್ಯಾಂಡು, ಹಬ್ಬದ ಅಲಂಕಾರದ ಜರಿಪಟ್ಟಿ, ಬಾಟಲಿಯ ಮುಚ್ಚಳ, ಹಾಲಿನ ಪೊಟ್ಟಣದಿಂದ ಕತ್ತರಿಸಿದ ಮೂಲೆ, ಕಿವಿಗೆ ಹಾಕುವ ಹತ್ತಿಕಡ್ಡಿ: ಇಂದಿನ ಬೆಕ್ಕಿನ ಆಟಿಕೆಗಳ ಪಟ್ಟಿ ಹೀಗಿದೆ. ಪ್ಲಾಸ್ಟಿಕ್ಕಿನ ಹತ್ತಿಕಡ್ಡಿಯೂ ಸೇರಿದಂತೆ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳನ್ನು ಭಾರತ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿತು. ಆದರೆ ನಿಷೇಧಕ್ಕೆ ಮೊದಲೇ ಬೀರುವಿನ ಕೆಳಗೆ ಸೇರಿದ ಕಡ್ಡಿ ತಾನಾಗಿ ಕರಗಿ ಹೋಗುವುದಿಲ್ಲ. ಯಾವ ವಸ್ತು ಅಗ್ಗವಾಯಿತೋ ಅದು ಕೈಯಿಂದ ಜಾರಿ ನೆಲಕ್ಕೆ ಬಿದ್ದಿತು. ನೆಲಕ್ಕೆ ಬಿದ್ದದ್ದನ್ನು ಬೆಕ್ಕು ಎತ್ತಿಕೊಂಡಿತು.

ದಾರ ಹೊಟ್ಟೆ ಸೇರಿದಾಗ

ಬೆಕ್ಕಿನ ನಾಲಿಗೆಯನ್ನು ಮುಟ್ಟಿ ನೋಡಿದವರಿಗೆ ಅದು ಅರದಂತೆ ಒರಟಾಗಿರುವುದು ಗೊತ್ತು. ಅದರ ಮೇಲಿರುವ ನೂರಾರು ಸಣ್ಣ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿವೆ. ಮೂಳೆಯಿಂದ ಮಾಂಸ ಕೆರೆಯಲು, ತುಪ್ಪಳ ಬಾಚಲು ಅವು ಬಹಳ ಅನುಕೂಲ. ಆದರೆ ನಾಲಿಗೆಗೆ ಅಂಟಿದ ದಾರವನ್ನು ಉಗುಳಲು ಅವು ಬಿಡುವುದಿಲ್ಲ. ಉಗುಳಲು ನಾಲಿಗೆ ಆಡಿಸಿದಷ್ಟೂ ದಾರ ಒಳಕ್ಕೆ ಸರಿಯುತ್ತದೆ. ಹೀಗಾಗಿ ಆಡಲು ಹೊರಟ ಬೆಕ್ಕು ನುಂಗಿ ಮುಗಿಸುತ್ತದೆ.

ಅಡಿಕೆಯಂಥ ಗುಂಡನೆಯ ವಸ್ತುವನ್ನು ಬೆಕ್ಕು ನುಂಗುವುದು ಕಷ್ಟ. ಸಣ್ಣ ತುಂಡುಗಳು ಬಹುಮಟ್ಟಿಗೆ ಮಲದಲ್ಲಿ ಹೊರಗೆ ಹೋಗುತ್ತವೆ. ದಾರದ ರೀತಿ ಬೇರೆ. ಅದರ ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಳ್ಳುತ್ತದೆ, ಇಲ್ಲವೆ ಜಠರದ ಬಾಗಿಲಲ್ಲಿ ಗಂಟಾಗಿ ನಿಲ್ಲುತ್ತದೆ. ಉಳಿದ ಉದ್ದವನ್ನು ಕರುಳು ತನ್ನ ಸಹಜ ಅಲೆಗಳಿಂದ ಮುಂದಕ್ಕೆ ಎಳೆಯುತ್ತದೆ. ತುದಿ ಬಿಡದು, ಕರುಳು ಎಳೆಯುವುದನ್ನು ನಿಲ್ಲಿಸದು. ಲಾಡಿ ಎಳೆದಾಗ ಲಂಗದ ಸೊಂಟ ನೆರಿಗೆಗಟ್ಟುವಂತೆ ಕರುಳು ಆ ದಾರದ ಮೇಲೆ ನೆರಿಗೆಗಟ್ಟುತ್ತದೆ. ಬಿಗಿದ ದಾರ ಪ್ರತಿ ನೆರಿಗೆಯ ಒಳ ಅಂಚನ್ನು ಗರಗಸದಂತೆ ಕೊಯ್ಯುತ್ತದೆ. ಕರುಳು ತೂತಾದರೆ ಒಳಗಿನ ಹೊಲಸು ಹೊಟ್ಟೆಯ ಪೊಳ್ಳಿಗೆ ಸೋರಿ ನಂಜೇರುತ್ತದೆ. ಮುಂದಿನ ಸಾವು ನೋವಿನದು.

ಮನೆಯವರಿಗೆ ಇದಾವುದೂ ಕಾಣುವುದಿಲ್ಲ. ಅವರಿಗೆ ಕಾಣುವುದು ಇಷ್ಟು: ಬೆಕ್ಕು ಮೊದಲು ವಾಂತಿ ಮಾಡುತ್ತದೆ. ಬೆಕ್ಕು ವಾಂತಿ ಮಾಡುವುದು ಅಪರೂಪವಲ್ಲವೆಂದು ಯಾರೂ ಗಮನಿಸುವುದಿಲ್ಲ. ಬಳಿಕ ಹಾಲನ್ನು ಮೂಸಿ ಬಿಡುತ್ತದೆ. ಅಟ್ಟದ ಮೂಲೆಯನ್ನೋ ಸೌದೆಯ ಸಂದಿಯನ್ನೋ ಸೇರಿ ಕುಗ್ಗಿ ಕೂರುತ್ತದೆ. ಹೊಟ್ಟೆ ಮುಟ್ಟಿದರೆ ಗುರ್ರೆನ್ನುತ್ತದೆ. ವಿಷ ತಿಂದ ಇಲಿಯನ್ನು ತಿಂದಿರಬೇಕೆಂದು ಮನೆಯವರು ಊಹಿಸುತ್ತಾರೆ. ಕೊಟ್ಟಿಗೆಯಲ್ಲಿ ಬಿಚ್ಚಿದ ದಾರದ ನೆನಪು ಯಾರಿಗೂ ಬರುವುದಿಲ್ಲ.

ಇಂಥ ಸಂದರ್ಭದಲ್ಲಿ ಮಾಡಬಾರದ ಕೆಲಸಗಳನ್ನು ಮೊದಲು ತಿಳಿದಿರಬೇಕು. ಬಾಯಿಯಿಂದಾಗಲಿ ಗುದದಿಂದಾಗಲಿ ದಾರದ ತುದಿ ಹೊರಗೆ ಕಂಡರೆ ಅದನ್ನು ಎಳೆಯಲೇಬಾರದು. ಒಳಗಿನ ದಾರ ಬಿಗಿದು, ಎಳೆದ ಕೈಯೇ ಕರುಳನ್ನು ಕೊಯ್ದಂತಾಗುತ್ತದೆ. ಹರಳೆಣ್ಣೆಯನ್ನಾಗಲಿ ಭೇದಿಯ ಮದ್ದನ್ನಾಗಲಿ ಕುಡಿಸಬಾರದು. ಕರುಳು ಜೋರಾಗಿ ಎಳೆದಷ್ಟೂ ಗಾಯ ಆಳವಾಗುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಮಾಡಬೇಕಾದುದು ಒಂದೇ: ಆಹಾರ ನಿಲ್ಲಿಸಿ, ಬುಟ್ಟಿಯಲ್ಲಿಯೋ ಪೆಟ್ಟಿಗೆಯಲ್ಲಿಯೋ ಇಟ್ಟು ಕೂಡಲೇ ಪಶುವೈದ್ಯರ ಬಳಿಗೆ ಒಯ್ಯುವುದು, ದಾರ ನುಂಗಿರುವ ಶಂಕೆಯನ್ನು ಅವರಿಗೆ ಮೊದಲ ಮಾತಿನಲ್ಲಿಯೇ ತಿಳಿಸುವುದು. ಅನೇಕ ಬೆಕ್ಕುಗಳಲ್ಲಿ ನಾಲಿಗೆಯ ಕೆಳಗೆ ಸುತ್ತಿಕೊಂಡ ಎಳೆ ಪರೀಕ್ಷೆಯಲ್ಲಿ ಕಾಣುತ್ತದೆ. ಸಕಾಲದಲ್ಲಿ ಶಸ್ತ್ರಚಿಕಿತ್ಸೆಯಾದರೆ ಬೆಕ್ಕು ಬದುಕುತ್ತದೆ. ಆದರೆ ಹೊಟ್ಟೆ ಕೊಯ್ದು ಚಿಕಿತ್ಸೆ ಮಾಡುವ ವ್ಯವಸ್ಥೆ ಗುಡ್ಡದ ಹಳ್ಳಿಗಳಿಗೆ ಬಹುದೂರ. ಮಳೆಗಾಲದಲ್ಲಿ ಇನ್ನೂ ದೂರ. ಆದುದರಿಂದ ಹಳ್ಳಿಯ ಮಟ್ಟಿಗೆ ನಿಜವಾದ ಚಿಕಿತ್ಸೆಯೆಂದರೆ ದಾರವನ್ನು ನೆಲಕ್ಕೆ ಬೀಳದಂತೆ ನೋಡಿಕೊಳ್ಳುವುದೇ ಆಗಿದೆ.

ಉರುಳುವ ವಿಷ

ದಾರದ ಬಳಿಕ ಗಮನಿಸಬೇಕಾದವು ಉರುಳುವ ವಸ್ತುಗಳು. ಬೀರುವಿನ ಬಟ್ಟೆಯ ನಡುವೆ ಇಡುವ ನುಸಿಗುಳಿಗೆ ನೋಡಲು ಗೋಲಿಯಂತಿದೆ, ತಟ್ಟಿದರೆ ಓಡುತ್ತದೆ. ಅದರಲ್ಲಿರುವ ನ್ಯಾಫ್ತಲೀನ್ ಬೆಕ್ಕಿನ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತದೆ. ಜ್ವರಕ್ಕೆ ಮನುಷ್ಯರು ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಕೈಜಾರಿ ಬಿದ್ದರೆ ಅದೂ ಉರುಳುತ್ತದೆ. ಈ ಔಷಧವನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ; ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಗಡಿಯಾರದ ಗುಂಡಿಯಂಥ ಬ್ಯಾಟರಿ ಸೆಲ್ ನುಂಗಿದರೆ ಅನ್ನನಾಳ ಸುಟ್ಟು ಹುಣ್ಣಾಗುತ್ತದೆ.

ಕೃಷಿಕರ ಮನೆಯಲ್ಲಿ ಇನ್ನೂ ಒಂದು ಬಗೆಯ ಅಪಾಯವಿದೆ. ಕೊಳೆರೋಗದ ಔಷಧಿ ಸಿಂಪಡಣೆಯ ಕಾಲದಲ್ಲಿ ಮೈಲುತುತ್ತದ ಬರಿಯ ಪೊಟ್ಟಣ, ಕೀಟನಾಶಕದ ಬಾಟಲಿಯ ಮುಚ್ಚಳ, ಅಳತೆಯ ಸಣ್ಣ ಲೋಟ ಇವು ಅಂಗಳದಲ್ಲಿ ಉಳಿಯುತ್ತವೆ. ಬೆಕ್ಕು ಮುಚ್ಚಳವನ್ನು ತಿನ್ನುವುದಿಲ್ಲ, ಬರಿದೆ ತಟ್ಟುತ್ತದೆ. ಆಮೇಲೆ ಒಲೆಯ ಬದಿಗೆ ಕೂತು ಪಂಜವನ್ನು ನೆಕ್ಕಿ ಶುಚಿ ಮಾಡಿಕೊಳ್ಳುತ್ತದೆ. ವಿಷ ಹೊಟ್ಟೆ ಸೇರುವುದು ಆಗಲೇ. ಇಲಿಪಾಷಾಣ ಇಟ್ಟ ಮನೆಯಲ್ಲಿ ವಿಷ ತಿಂದು ತೂರಾಡುವ ಇಲಿಯೇ ಬೆಕ್ಕಿಗೆ ಸುಲಭದ ಆಟಿಕೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬ್ರೋಮಡಯೋಲೋನ್‌ನಂಥ ಪಾಷಾಣ ಇಲಿಯಿಂದ ಬೆಕ್ಕಿಗೆ ದಾಟುತ್ತದೆ. ಬೆಕ್ಕನ್ನು ಸಾಕುವ ಮನೆಯವರು ಪಾಷಾಣವನ್ನೂ ಇಡುವುದೆಂದರೆ ಕಾವಲುಗಾರನ ಅನ್ನಕ್ಕೆ ವಿಷ ಬೆರೆಸಿದಂತೆಯೇ.

ಪೆಟ್ಟಿಗೆ, ಬುಟ್ಟಿ, ಚೀಲ

ಬರಿದಾದ ರಟ್ಟಿನ ಪೆಟ್ಟಿಗೆ ಕಂಡರೆ ಬೆಕ್ಕು ಒಳಹೊಕ್ಕು ಕೂರುವುದನ್ನು ಎಲ್ಲರೂ ನೋಡಿದ್ದಾರೆ. ನೆದರ್ಲೆಂಡ್ಸಿನ ಆಶ್ರಯತಾಣವೊಂದಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಅಡಗುವ ಪೆಟ್ಟಿಗೆ ಕೊಟ್ಟು, ಕೆಲವಕ್ಕೆ ಕೊಡದೆ ಹೋಲಿಸಿ ನೋಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಪೆಟ್ಟಿಗೆ ದೊರೆತ ಬೆಕ್ಕುಗಳು ಹೊಸ ಜಾಗಕ್ಕೆ ಬೇಗನೆ ಹೊಂದಿಕೊಂಡವು, ಅವುಗಳ ಅಂಜಿಕೆ ಬೇಗನೆ ಇಳಿಯಿತು. ಮೂರು ಕಡೆ ಗೋಡೆ, ಒಂದು ಕಡೆ ನೋಟ: ಬೇಟೆಗಾರನೂ ಆಗಿ, ನಾಯಿಗೂ ಚಿರತೆಗೂ ಬೇಟೆಯೂ ಆಗಬಲ್ಲ ಸಣ್ಣ ಪ್ರಾಣಿಗೆ ಇದಕ್ಕಿಂತ ಒಳ್ಳೆಯ ಕೋಟೆ ಇಲ್ಲ. ರಟ್ಟಿನ ಪೆಟ್ಟಿಗೆಗಿರುವ ಪ್ಲಾಸ್ಟಿಕ್ ಅಂಟುಪಟ್ಟಿಯನ್ನೂ ಮೊಳೆಗಳನ್ನೂ ತೆಗೆದರೆ ಸಾಕು, ಅದು ಉತ್ತಮ ಆಟದ ಮನೆ. ಹಳೆಯದಾದ ಮೇಲೆ ಗೊಬ್ಬರದ ಗುಂಡಿಯನ್ನೂ ಸೇರಬಲ್ಲದು.

ಕೈಚೀಲಗಳ ವಿಷಯ ಹಾಗಲ್ಲ. ಸರಸರ ಸದ್ದಿಗೆ ಮರುಳಾಗಿ ಪ್ಲಾಸ್ಟಿಕ್ ಕೈಚೀಲದೊಳಗೆ ತಲೆ ಹಾಕಿದ ಬೆಕ್ಕಿನ ಕೊರಳಿಗೆ ಅದರ ಹಿಡಿ ಸಿಕ್ಕಿಕೊಳ್ಳುತ್ತದೆ. ಬೆದರಿ ಓಡಿದಷ್ಟೂ ಚೀಲ ಬೆನ್ನಟ್ಟುತ್ತದೆ. ಕಾಗದದ ಚೀಲವಾದರೂ ಸರಿ, ಹಿಡಿಯನ್ನು ಕತ್ತರಿಸಿಯೇ ಆಟಕ್ಕೆ ಬಿಡಬೇಕು.

ಆಟ, ಇಲಿ ಮತ್ತು ಹಕ್ಕಿ

ಬೆಕ್ಕಿನ ಆಟಕ್ಕೂ ಕಾಡಿಗೂ ಸಂಬಂಧವಿದೆ. ಹಿತ್ತಿಲಿಗೆ ಹೊಂದಿದ ಕಾಡಿನಲ್ಲಿ ಪಿಕಳಾರ ಗೂಡು ಕಟ್ಟುತ್ತದೆ, ಅಡಿಕೆ ಮರದ ಮೇಲೆ ಹಾರುವ ಓತಿ ಇದೆ, ಬಚ್ಚಲ ಹಿಂದೆ ಕಪ್ಪೆಗಳಿವೆ. ಕಣಜದ ಇಲಿಯನ್ನು ಹಿಡಿಯಲೆಂದು ಸಾಕಿದ ಬೆಕ್ಕು ಇವುಗಳನ್ನೂ ಹಿಡಿಯುತ್ತದೆ.

ಇಂಗ್ಲೆಂಡಿನ ನೈರುತ್ಯ ಭಾಗದಲ್ಲಿ ಎಕ್ಸೆಟರ್ ವಿಶ್ವವಿದ್ಯಾಲಯದವರು 219 ಮನೆಗಳ 355 ಬೆಕ್ಕುಗಳನ್ನು ಅಧ್ಯಯನ ಮಾಡಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ದಿನಕ್ಕೆ 5ರಿಂದ 10 ನಿಮಿಷ ಮನೆಯವರೇ ಬೆಕ್ಕನ್ನು ಆಡಿಸಿದ ಮನೆಗಳಲ್ಲಿ ಅದು ಹಿಡಿದು ತಂದ ಪ್ರಾಣಿಗಳ ಸಂಖ್ಯೆ ಶೇ. 25ರಷ್ಟು ಇಳಿಯಿತು. ಮಾಂಸದ ಅಂಶ ಹೆಚ್ಚಿರುವ, ಧಾನ್ಯವಿಲ್ಲದ ಆಹಾರ ಕೊಟ್ಟಲ್ಲಿ ಶೇ. 36ರಷ್ಟು ಇಳಿಯಿತು. ಕೊರಳಿಗೆ ಬಣ್ಣಬಣ್ಣದ ಬಟ್ಟೆಯ ಪಟ್ಟಿ ತೊಡಿಸಿದಾಗ ಹಕ್ಕಿಗಳ ಬೇಟೆ ಶೇ. 42ರಷ್ಟು ಕಡಿಮೆಯಾಯಿತು. ಗಂಟೆ ಕಟ್ಟಿದುದರಿಂದ ಮಾತ್ರ ಗಮನಾರ್ಹ ಪರಿಣಾಮ ಕಾಣಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಹಳೆಯ ಪ್ರಶ್ನೆಗೆ, ಕಟ್ಟಿದರೂ ಹೆಚ್ಚಿನ ಪ್ರಯೋಜನವಿಲ್ಲ ಎಂಬ ಉತ್ತರ ದೊರೆತಂತಾಯಿತು!

ಆಡಿಸಿದರೆ ಬೆಕ್ಕು ಇಲಿ ಹಿಡಿಯುವುದನ್ನೂ ಬಿಟ್ಟೀತಲ್ಲವೆ ಎಂದು ರೈತರು ಕೇಳುವುದು ಸಹಜ. ಆ ಪ್ರಶ್ನೆ ನ್ಯಾಯವಾದುದೇ. ಇಲಿ ಭತ್ತವನ್ನು ತಿನ್ನುವುದಷ್ಟೇ ಅಲ್ಲ, ಇಲಿಜ್ವರವನ್ನೂ ಹರಡುತ್ತದೆ. ಬೇಟೆ ಕಡಿಮೆಯಾಗುವುದೇ ಹೊರತು ನಿಲ್ಲುವುದಿಲ್ಲ ಎಂಬುದನ್ನು ಮೇಲಿನ ಅಂಕಿಗಳೇ ತೋರಿಸುತ್ತವೆ. ಜೊತೆಗೆ, ಆಟವೊಂದೇ ಹಕ್ಕಿಗೂಡನ್ನು ಕಾಯಲಾರದು. ರಾತ್ರಿ ಬೆಕ್ಕನ್ನು ಕಣಜದ ಕೋಣೆಯಲ್ಲಿ ಬಿಟ್ಟು, ಹಕ್ಕಿಗಳು ಮರಿ ಮಾಡುವ ತಿಂಗಳುಗಳಲ್ಲಿ ಮುಂಜಾವದ ಹೊತ್ತು ಹೊರಗೆ ಬಿಡದೆ, ಆ ಸಮಯದಲ್ಲಿ ಜಗಲಿಯಲ್ಲಿಯೇ ಆಡಿಸಿ ಅನ್ನ ಹಾಕಿದರೆ ಇಲಿಯ ಕೆಲಸವೂ ಆಗುತ್ತದೆ, ಪಿಕಳಾರದ ಮರಿಯೂ ಉಳಿಯುತ್ತದೆ. ಆಟದ ಕೊನೆಗೆ ವಸ್ತುವನ್ನು ಬೆಕ್ಕಿನ ಹಿಡಿತಕ್ಕೆ ಬಿಟ್ಟುಕೊಡಬೇಕು. ಹಿಡಿಯಲು ಎಂದೂ ಸಿಗದ ಬೇಟೆ ಆಟವಾಗದೆ ಪೀಡನೆಯಾಗುತ್ತದೆ.

ಮನೆಯಿಂದಲೇ ಆರಂಭ

ವಿದ್ಯಾರ್ಥಿಗಳು ಒಂದು ರಜೆಯ ದಿನ ಮಾಡಬಹುದಾದ ಸರಳ ಪರೀಕ್ಷೆಯೊಂದಿದೆ. ಬೆಕ್ಕಿರುವ ಮನೆಯಲ್ಲಿ ಬೀರು, ಮಂಚ, ಕಣಜ, ಒಲೆಕಟ್ಟೆ ಇವುಗಳ ಸಂದಿಗೆ ಉದ್ದನೆಯ ಪೊರಕೆ ಹಾಕಿ ಗುಡಿಸಬೇಕು. ಹೊರಬಂದ ವಸ್ತುಗಳನ್ನು ಜಗಲಿಯ ಮೇಲೆ ಹರಡಿ ಮೂರು ಗುಂಪು ಮಾಡಬೇಕು: ಮಣ್ಣಾಗುವಂಥವು, ಮಣ್ಣಾಗದಂಥವು, ಇವೆರಡರೊಳಗಿಂದ ಆರಿಸಿದ ಉದ್ದನೆಯವು. ಪ್ರತಿ ಗುಂಪನ್ನು ಎಣಿಸಿ ಪುಸ್ತಕದಲ್ಲಿ ಬರೆದಿಡಬೇಕು. ಆರು ತಿಂಗಳ ಬಳಿಕ ಮತ್ತೊಮ್ಮೆ ಗುಡಿಸಿ ಎಣಿಸಿದರೆ ಆ ಮನೆ ಯಾವ ದಿಕ್ಕಿಗೆ ಸಾಗುತ್ತಿದೆ ಎಂಬುದು ತಿಳಿಯುತ್ತದೆ. ಇದಕ್ಕೆ ಪ್ರಯೋಗಾಲಯ ಬೇಡ, ಹಣ ಬೇಡ. ಮಾದರಿ ಸಂಗ್ರಹಿಸುವ ಕೆಲಸವನ್ನು ಬೆಕ್ಕು ಆಗಲೇ ಮಾಡಿ ಮುಗಿಸಿರುತ್ತದೆ.

ಬೆಕ್ಕಿಗೆ ಆಟಿಕೆ ಬೇಕೆಂದರೆ ಅದೂ ಮನೆಯಲ್ಲಿಯೇ ಇದೆ. ಅಡಿಕೆ ಸಿಪ್ಪೆಯನ್ನು ಬಿಗಿಯಾಗಿ ಮುದ್ದೆ ಮಾಡಿ, ಹಳೆಯ ಬಟ್ಟೆಯ ಚಿಂದಿಯಲ್ಲಿ ಸುತ್ತಿ, ಚಿಂದಿಯ ತುದಿಗಳು ಇಳಿಬೀಳದಂತೆ ಒಳಕ್ಕೆ ಮಡಚಿ ಹೊಲಿದರೆ ಇಲಿಯ ಗಾತ್ರದ ಉಂಡೆಯಾಗುತ್ತದೆ. ಒಳಗೆ ಒಣಗಿದ ಕುಪ್ಪಿಗಿಡದ ಬೇರಿನ ಚೂರು ಸೇರಿಸಿದರೆ ಬೆಕ್ಕು ಅದನ್ನು ವಾರಗಟ್ಟಲೆ ಮರೆಯದು. ಒಂದು ಹಾಳೆ ರದ್ದಿ ಕಾಗದ ಮುದ್ದೆ ಮಾಡಿದರೂ ಸಾಕು. ಮೂರು ನಾಲ್ಕು ಆಟಿಕೆಗಳನ್ನು ಮಾಡಿ, ಒಂದೊಂದು ದಿನ ಒಂದೊಂದನ್ನು ಹೊರಗೆ ತೆಗೆದರೆ ಬೇಸರವೂ ಆಗುವುದಿಲ್ಲ. ದಾರದ ಆಟ ಬೇಕೇ ಬೇಕೆನಿಸಿದರೆ ದಾರದ ಒಂದು ತುದಿ ಮನುಷ್ಯನ ಕೈಯಲ್ಲಿಯೇ ಇರಬೇಕು; ಆಟ ಮುಗಿದ ಕೂಡಲೇ ದಾರ ಡಬ್ಬಿ ಸೇರಬೇಕು.

ಕೊನೆಯ ಮಾತು ಮತ್ತೆ ಕೊಟ್ಟಿಗೆಗೆ ಸಂಬಂಧಿಸಿದ್ದು. ಹಿಂಡಿ ಚೀಲ ಇಡುವ ಜಾಗದ ಕಂಬಕ್ಕೆ, ಬೆಕ್ಕು ಹಾರಿದರೂ ಎಟುಕದ ಎತ್ತರದಲ್ಲಿ, ಒಂದು ಗೂಟ ಹೊಡೆಯಬೇಕು. ಚೀಲ ಬಿಚ್ಚಿದ ಕೈ ಹಿಂಡಿಯನ್ನು ಮುಟ್ಟುವ ಮೊದಲು ದಾರವನ್ನು ಬೆರಳಿಗೆ ಸುತ್ತಿ ಆ ಗೂಟಕ್ಕೆ ಸಿಕ್ಕಿಸಬೇಕು. ಅಜ್ಜ ಅಜ್ಜಿಯರು ಬಡತನದ ಕಾರಣದಿಂದ ಮಾಡುತ್ತಿದ್ದ ಕೆಲಸ ಇದು. ಇಂದು ತಿಳಿವಳಿಕೆಯ ಕಾರಣದಿಂದ ಮಾಡಬೇಕಾಗಿದೆ. ಆ ದಾರ ಮೆಣಸಿನ ಬಳ್ಳಿಗೋ ಬೇಲಿಯ ದಣಪೆಗೋ ಇನ್ನೊಮ್ಮೆ ಒದಗೀತು. ಬಾಗಿಲಲ್ಲಿ ನಿಂತ ಬೆಕ್ಕು ಸ್ವಲ್ಪ ಹೊತ್ತು ಮೇಲೆ ನೋಡಿ, ನಿರಾಶೆಗೊಂಡು, ಅಂಗಳದಲ್ಲಿ ಒಣ ಹಾಕಿದ ಅಡಿಕೆಯ ಕಡೆಗೆ ಹೋದೀತು. ಹೋಗಲಿ, ಅಡಿಕೆ ಉರುಳುತ್ತದೆ, ಬೆಕ್ಕು ಬದುಕುತ್ತದೆ.